ಹಳ್ಳಿಯ ಮನೆಯನ್ನು ಕೊಳ್ಳುವ ಮುನ್ನ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನೆಯನ್ನು ಕಟ್ಟುವುದರ ಕಷ್ಟವನ್ನು ಇಷ್ಟು ಚೆನ್ನಾಗಿ ಕಂಡುಕೊಂಡ ನಮ್ಮ ಹಿರಿಯರು, ಮನೆಯನ್ನು ಕೊಳ್ಳುವುದರ ಕಷ್ಟವನ್ನು ಕುರಿತು ಅಷ್ಟೇ ಪ್ರಸಿದ್ಧವಾದ ಗಾದೆಯೊಂದನ್ನು ಮಾಡಿದಂತೆ ತೋರುವುದಿಲ್ಲ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಹಿಂದಿನ ಕಾಲದಲ್ಲಿ ಹಳ್ಳಿಯ ಮನೆಯನ್ನು ಕೊಳ್ಳುತ್ತಿದ್ದವನು ಬಹುಮಟ್ಟಿಗೆ ಆ ಹಳ್ಳಿಯವನೇ ಆಗಿರುತ್ತಿದ್ದನು. ಯಾವ ಮಳೆಗಾಲದಲ್ಲಿ ಯಾವ ಗೋಡೆ ಕುಸಿಯಿತು, ಹಿತ್ತಲಿನ ಬಾವಿಯಲ್ಲಿ ಯಾರ ಪಾಲು ಎಷ್ಟು, ಅಣ್ಣತಮ್ಮಂದಿರು ಹಂಚಿಕೊಂಡಾಗ ನಡುವಣ ಬಾಗಿಲನ್ನು ಯಾರು ಮುಚ್ಚಿಸಿದರು, ಇವೆಲ್ಲವೂ ಅವನಿಗೆ ಚಿಕ್ಕಂದಿನಿಂದಲೂ ತಿಳಿದ ಸಂಗತಿಗಳು. ಅವನ ನೆನಪೇ ಅವನಿಗೆ ಪರೀಕ್ಷಕನಾಗಿತ್ತು. ಇಂದು ಹಳ್ಳಿಯ ಮನೆಯನ್ನು ಕೊಳ್ಳಲು ಹೊರಡುವವರು ಪಟ್ಟಣವಾಸಿಗಳಾದ ನಾವು. ನಮ್ಮಲ್ಲಿ ಹಣವುಂಟು, ವಿದ್ಯೆಯುಂಟು, ಆಸೆಯಂತೂ ಬೇಕಾದಷ್ಟುಂಟು; ಇಲ್ಲದಿರುವುದು ಆ ನೆನಪು ಮಾತ್ರ. ಅದರ ಕೊರತೆಯನ್ನು ಹೇಗೆ ತುಂಬಿಕೊಳ್ಳಬೇಕೆಂಬುದೇ ಈ ದಿನ ನಾವು ವಿಚಾರ ಮಾಡಬೇಕೆಂದಿರುವ ವಿಷಯ.

ಮಾತು ಬರಿಯ ಮಾತಾಗಬಾರದೆಂದು ಒಂದು ಊರನ್ನು ಕಣ್ಣಮುಂದಿಟ್ಟುಕೊಳ್ಳೋಣ. ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನಲ್ಲಿ ಮುಡಬಿ ಎಂಬ ಹೋಬಳಿಯ ಊರು ಇರುವುದು. ಅತ್ತ ಬಸವಕಲ್ಯಾಣ, ಇತ್ತ ಹುಮನಾಬಾದು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಈ ಸೀಮೆಯನ್ನು ಹಾದುಹೋಗುತ್ತದೆ. 2017ರಲ್ಲಿ ಬೀದರ-ಕಲಬುರಗಿ ರೈಲುಮಾರ್ಗವು ಹುಮನಾಬಾದಿನ ಮೇಲೆ ಸಂಚಾರಕ್ಕೆ ತೆರೆಯಿತು. ಈ ಸೀಮೆಯಿಂದ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೊಟ್ಟೆಪಾಡಿಗಾಗಿ ಹೋದವರು ಬಹಳ ಮಂದಿ. ಅವರಲ್ಲಿ ಕೆಲವರು ನಿವೃತ್ತರಾದ ಮೇಲೆ ಹುಟ್ಟಿದ ಸೀಮೆಯಲ್ಲಿ ಒಂದು ಮನೆ ಇರಲಿ ಎಂದು ಬಯಸುವುದು ಸಹಜವಾಗಿದೆ. ಮುಡಬಿಯಲ್ಲಿ ಇಂಥದೊಂದು ಹಳೆಯ ಮನೆಯು ಮಾರಾಟಕ್ಕಿರುವುದೆಂದೂ, ಅದನ್ನು ಕೊಳ್ಳಲು ಒಬ್ಬ ಗೃಹಸ್ಥರು ಪಟ್ಟಣದಿಂದ ಹೊರಟಿರುವರೆಂದೂ ಭಾವಿಸಿಕೊಳ್ಳೋಣ. ಕಲ್ಲಿನ ದಪ್ಪ ಗೋಡೆ, ಕೆತ್ತನೆಯ ಬಾಗಿಲು, ತಣ್ಣನೆಯ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ, ಹಿಂದೆ ಹಿತ್ತಲು, ಹಿತ್ತಲಿನಲ್ಲಿ ಬೇವಿನ ಮರ. ಗೃಹಸ್ಥರಿಗೆ ಮನೆಯು ಮನಸ್ಸಿಗೆ ಬಂದುಬಿಡುತ್ತದೆ. ದಲ್ಲಾಳಿಯು, ಇನ್ನೊಬ್ಬರೂ ಕೇಳುತ್ತಿದ್ದಾರೆ, ಇಂದೇ ಸಂಚಕಾರ ಕೊಟ್ಟುಬಿಡಿ ಎನ್ನುತ್ತಾನೆ. ಮುಹೂರ್ತವನ್ನು ಕೇಳುವುದಕ್ಕೂ, ಆಯ ನೋಡಿಸುವುದಕ್ಕೂ ಬಿಡುವು ಮಾಡಿಕೊಳ್ಳುವ ನಮ್ಮ ಜನರು, ಅಳತೆ ಮಾಡಿಸುವುದಕ್ಕೆ ಮಾತ್ರ ಬಿಡುವಿಲ್ಲವೆನ್ನುವುದು ಇಂಥ ಸಮಯದಲ್ಲಿಯೇ.

ಮನೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಮಾರುವವರಿಗೆ ಮಾರುವ ಹಕ್ಕು ಇದೆಯೆ? ಮಾರುವ ವಸ್ತುವು ಎಲ್ಲಿಂದ ಎಲ್ಲಿಯವರೆಗೆ ಇದೆ? ಆ ವಸ್ತುವು ಎಂಥ ಸ್ಥಿತಿಯಲ್ಲಿದೆ? ಮೊದಲನೆಯದಕ್ಕೆ ವಕೀಲರು, ಎರಡನೆಯದಕ್ಕೆ ಮೋಜಣಿದಾರರು, ಮೂರನೆಯದಕ್ಕೆ ಕಟ್ಟಡಗಳನ್ನು ಬಲ್ಲ ಇಂಜಿನಿಯರು ಉತ್ತರ ಹೇಳಬೇಕು. ಇಂಗ್ಲೆಂಡಿನಲ್ಲಿ ಮನೆಯ ಪರೀಕ್ಷೆಗೆಂದೇ ಒಂದು ವೃತ್ತಿಯು ಬೆಳೆದಿದೆ. ಅಲ್ಲಿ ಸರ್ವೇಯರುಗಳ ಸಂಸ್ಥೆಯು 1868ರಲ್ಲಿ ಹುಟ್ಟಿ, 1881ರಲ್ಲಿ ರಾಜಸನ್ನದನ್ನು ಪಡೆಯಿತು. ನಮ್ಮಲ್ಲಿ ಆ ಕೆಲಸವು ಮೂವರಲ್ಲಿ ಹಂಚಿಹೋಗಿರುವುದರಿಂದ, ಮೂವರನ್ನೂ ಕೂಡಿಸಿ ಕೇಳುವ ಭಾರವು ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಹಕ್ಕಿನ ಮಾತನ್ನು ಮೊದಲು ನೋಡೋಣ. ಬಸವಕಲ್ಯಾಣವು ಹಿಂದೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದುದು ಅಲ್ಲಿಯೇ. ಪಿತ್ರಾರ್ಜಿತವಾದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲುಂಟೆಂಬ ಮಿತಾಕ್ಷರದ ಮತವು ಭರತಖಂಡದ ಬಹುಭಾಗದ ಹಿಂದೂ ಕುಟುಂಬಗಳ ನ್ಯಾಯಕ್ಕೆ ಆಧಾರವಾಯಿತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು ಅದೇ ಹುಟ್ಟಿನ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ಈ ಹಕ್ಕಿಗೆ ಆ ದಿನದಲ್ಲಿ ತಂದೆಯು ಬದುಕಿರಬೇಕಾದ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಕೊಳ್ಳುವವರಿಗೆ ಇದರ ಅರ್ಥವು ಬಹು ಸರಳವಾಗಿದೆ. ಪಂಚಾಯತಿಯ ಪುಸ್ತಕದಲ್ಲಿ ಹಿರಿಯ ಮಗನೊಬ್ಬನ ಹೆಸರಿರಬಹುದು. ಬೆಲೆಯ ಮಾತನ್ನು ಅವನೊಬ್ಬನೇ ಆಡಬಹುದು. ಆದರೆ ಸೊಲ್ಲಾಪುರಕ್ಕೋ ಜಹೀರಾಬಾದಿಗೋ ಕೊಟ್ಟ ತಂಗಿಯೊಬ್ಬಳಿದ್ದರೆ ಅವಳ ಪಾಲು ಆ ಗೋಡೆಗಳೊಳಗೆ ಉಳಿದೇ ಇರುತ್ತದೆ. ಅವಳ ಒಪ್ಪಿಗೆಯಿಲ್ಲದೆ ಕೊಂಡ ಮನೆಯಲ್ಲಿ ನೆಮ್ಮದಿಯಿರುವುದಿಲ್ಲ; ಕಾನೂನಿನ ಭಯವನ್ನು ಬಿಟ್ಟರೂ, ಒಬ್ಬ ಹೆಣ್ಣುಮಗಳಿಗೆ ಸಲ್ಲಬೇಕಾದ ಹಣವು ತಪ್ಪಿಹೋಗುವುದಕ್ಕೆ ನಾವು ಕಾರಣರಾದಂತಾಗುವುದು. ಆದಕಾರಣ ವಂಶಾವಳಿಯನ್ನು ಕೇಳಿ ಪಡೆದು, ಅದರಲ್ಲಿ ಹೆಸರಿರುವ ಹಕ್ಕುದಾರರೆಲ್ಲರನ್ನೂ ಪತ್ರಕ್ಕೆ ಸೇರಿಸಿಕೊಳ್ಳತಕ್ಕದ್ದು.

ಈ ಸೀಮೆಯ ಕಾಗದಪತ್ರಗಳಿಗೆ ಒಂದು ವಿಶೇಷವುಂಟು. 1948ರ ಸೆಪ್ಟೆಂಬರಿನವರೆಗೆ ಬೀದರವು ನಿಜಾಮರ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಹಳೆಯ ದಾಖಲೆಗಳು ಉರ್ದುವಿನಲ್ಲಿರುವುವು. ಕೆಲವು ಮೋಡಿ ಲಿಪಿಯಲ್ಲಿಯೂ ಇರಬಹುದು. ಅವುಗಳಲ್ಲಿನ ವರ್ಷಗಳು ಫಸಲಿ ವರ್ಷಗಳು. ಫಸಲಿ 1340 ಎಂದು ಕಂಡರೆ ಸುಮಾರು 590ನ್ನು ಕೂಡಿಸಿ, ಅದು ಕ್ರಿಸ್ತಶಕ 1930ರ ಸುಮಾರು ಎಂದು ತಿಳಿಯಬೇಕು. ಅನೇಕ ಗ್ರಾಮಗಳು ಆಗ ಜಹಗೀರುಗಳಲ್ಲಿದ್ದವು. ಜಹಗೀರುಗಳು 1949ರಲ್ಲಿ ರದ್ದಾದುವು. ಇನಾಮು ಭೂಮಿ, ಗುಡಿಗೆ ಅಥವಾ ದರ್ಗಾಕ್ಕೆ ಬಿಟ್ಟ ಭೂಮಿ, ಸರಕಾರವು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರು ಮಾಡಿದ ಭೂಮಿ, ಇವುಗಳ ಮಾರಾಟಕ್ಕೆ ಬೇರೆ ಬೇರೆ ಕಾಯಿದೆಗಳ ನಿರ್ಬಂಧಗಳಿವೆ. ಕಡೆಯದನ್ನು ಕುರಿತ 1978ರ ಕರ್ನಾಟಕದ ಕಾಯಿದೆಯಂತೆ, ಸರಕಾರದ ಅನುಮತಿಯಿಲ್ಲದೆ ಮಾಡಿದ ಮಾರಾಟವು ನಿಲ್ಲುವುದಿಲ್ಲ. ಆದಕಾರಣ ಉರ್ದು ಬಲ್ಲವರೊಬ್ಬರಿಂದ ಹಳೆಯ ಕಾಗದಗಳನ್ನು ಓದಿಸದೆ, ಏನೋ ಹಳೆಯ ಕಾಗದ ಎಂದು ಮಡಿಸಿಡುವುದು ಸರಿಯಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುವ ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಹೇಳುತ್ತದೆ. ಬಾಯಿಮಾತಿನ ಹಿಸ್ಸೆಯನ್ನಾಗಲಿ, ನೋಂದಣಿಯಾಗದ ಕರಾರನ್ನಾಗಲಿ ಅದು ಹೇಳಲಾರದು. ಅವನ್ನು ಹೇಳಬಲ್ಲವರು ನೆರೆಹೊರೆಯವರು.

ಈಗ ಎರಡನೆಯ ಪ್ರಶ್ನೆಗೆ ಬರೋಣ: ವಸ್ತುವು ಎಲ್ಲಿಂದ ಎಲ್ಲಿಯವರೆಗೆ? ವಿದ್ಯಾವಂತರೂ ಎಡವುವುದು ಇಲ್ಲಿಯೇ. ಸರಕಾರವು ನೆಲವನ್ನೆಲ್ಲ ಅಳೆದಿಟ್ಟಿರುವಾಗ ಮತ್ತೆ ಅಳೆಯುವುದೇಕೆ ಎಂದು ಅವರು ಕೇಳುತ್ತಾರೆ. ಸರಕಾರವು ಅಳೆದುದು ಕಂದಾಯಕ್ಕಾಗಿ ಎಂಬುದನ್ನು ನೆನಪಿಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿಜಾಮರ ರಾಜ್ಯದಲ್ಲಿ ಮುಂಬಯಿ ಪದ್ಧತಿಯನ್ನು ಅನುಸರಿಸಿ ಮೋಜಣಿಯು ನಡೆಯಿತು. ಆ ಪದ್ಧತಿಯ ಸರಪಳಿಯು 33 ಅಡಿ ಉದ್ದ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ, ಎಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ 16 ಆಣೆ. ಹೊಲಗಳನ್ನೆಲ್ಲ ಹೀಗೆ ಅಳೆದು ಸರ್ವೆ ನಂಬರುಗಳನ್ನು ಕೊಟ್ಟರು, ಬಾಂದು ಕಲ್ಲುಗಳನ್ನು ನೆಟ್ಟರು. ಆದರೆ ಊರೊಳಗಣ ಮನೆಗಳಿಗೆ ಭೂಕಂದಾಯವಿರಲಿಲ್ಲವಾದ್ದರಿಂದ ಅವನ್ನು ಒಂದೊಂದಾಗಿ ಅಳೆಯಲಿಲ್ಲ. ಜನವಸತಿಯನ್ನೆಲ್ಲ ಗಾಂವಠಾಣವೆಂದು ಒಂದೇ ಗೆರೆಯೊಳಗೆ ಸೇರಿಸಿಬಿಟ್ಟರು. ಹೀಗಾಗಿ ಮುಡಬಿಯಂಥ ಊರಿನಲ್ಲಿ ಹೊಲದ ಬದುವಿಗಿರುವ ಲೆಕ್ಕವು ಮನೆಯ ಗೋಡೆಗೆ ಇರಲಿಲ್ಲ.

ಈ ಕೊರತೆಯನ್ನು ನೀಗುವ ಪ್ರಯತ್ನಗಳು ಇತ್ತೀಚೆಗೆ ನಡೆದಿವೆ. ಕರ್ನಾಟಕದಲ್ಲಿ 2013ರಿಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯತಿಗಳು ನಮೂನೆ 9 ಮತ್ತು ನಮೂನೆ 11 ಎಂಬ ಪತ್ರಗಳನ್ನು ಕೊಡುತ್ತಿವೆ. 2020ರ ಏಪ್ರಿಲ್ 24ರಂದು ಭಾರತ ಸರಕಾರವು ಪ್ರಾರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ, ಡ್ರೋನ್ ಎಂಬ ಹಾರುವ ಯಂತ್ರಗಳಿಂದ ಗಾಂವಠಾಣಗಳ ಚಿತ್ರವನ್ನು ತೆಗೆದು ಮನೆಗಳ ನಕ್ಷೆಯನ್ನು ಮಾಡುವ ಕೆಲಸವು ನಡೆಯಿತು. ಕರ್ನಾಟಕವು ಆ ಕೆಲಸವು ಮೊದಲು ನಡೆದ ರಾಜ್ಯಗಳಲ್ಲೊಂದು. ಇವು ಸ್ವಾಗತಾರ್ಹವಾದ ಕೆಲಸಗಳು. ಆದರೂ ಆಕಾಶದಿಂದ ಕಾಣುವುದು ಮಾಳಿಗೆಯ ಅಂಚೇ ಹೊರತು, ಎರಡು ಮನೆಗಳ ನಡುವಣ ಒಂದೇ ಗೋಡೆಯಲ್ಲಿ ಯಾರ ಪಾಲು ಎಷ್ಟೆಂಬುದಲ್ಲ. ಪಂಚಾಯತಿಯ ತೆರಿಗೆಯ ಪುಸ್ತಕವು ತೆರಿಗೆ ಕೊಡುವವರು ಯಾರೆಂಬುದನ್ನು ಹೇಳುತ್ತದೆ. ಅಷ್ಟರಿಂದಲೇ ಮಾಲೀಕರು ಯಾರೆಂಬುದು ಸಿದ್ಧವಾಗುವುದಿಲ್ಲ. ಪಹಣಿಯ ಮಾತಾದರೂ, 1964ರ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣವು ಅದನ್ನು ತಪ್ಪೆಂದು ತೋರಿಸುವವರೆಗೆ ನಿಜವೆಂದು ಭಾವಿಸತಕ್ಕದ್ದೆನ್ನುತ್ತದೆ. ತಪ್ಪೆಂದು ತೋರಿಸುವ ದಾರಿಯು ತೆರೆದೇ ಇದೆ ಎಂಬುದು ಅದರ ಅರ್ಥ.

ಆದುದರಿಂದ ಗಾಂವಠಾಣದ ಮನೆಯಾದರೆ, ಪತ್ರದಲ್ಲಿ ಬರೆದ ಚತುಃಸೀಮೆಯನ್ನು ಕೈಯಲ್ಲಿ ಹಿಡಿದು, ಲೈಸೆನ್ಸು ಪಡೆದ ಮೋಜಣಿದಾರರಿಂದ ನಾಲ್ಕು ದಿಕ್ಕುಗಳನ್ನೂ ಅಳೆಯಿಸಬೇಕು. ಪತ್ರದಲ್ಲಿ 30 ಅಡಿಗೆ 40 ಅಡಿ ಎಂದಿದ್ದು ನೆಲದ ಮೇಲೆ 28ಕ್ಕೆ 40 ಆದರೆ, ಎರಡೇ ಅಡಿ ಎಂದು ನಗುವ ಹಾಗಿಲ್ಲ. ನಿವೇಶನದ ಹದಿನೈದನೆಯ ಒಂದು ಭಾಗವು, ಎಂದರೆ 80 ಚದರಡಿಯು, ಇಲ್ಲದಿದ್ದರೂ ಅದಕ್ಕೆ ಹಣ ಕೊಟ್ಟಂತಾಯಿತು. ಹಳೆಯ ಪತ್ರಗಳಲ್ಲಿ ಗಜ, ಮೊಳಗಳಲ್ಲಿ ಬರೆದಿರುವುದೂ ಉಂಟು; ಮೊಳವು ಯಾರ ಕೈಯ ಮೊಳವೆಂಬುದನ್ನು ಯಾವ ಪತ್ರವೂ ಹೇಳುವುದಿಲ್ಲ.

ಮನೆಯು ಊರ ಹೊರಗೆ ಹೊಲದಲ್ಲಿದ್ದರೆ ಪರೀಕ್ಷೆಯ ರೀತಿಯೇ ಬೇರೆ. ಭೂಪರಿವರ್ತನೆಯ ಆದೇಶವು ಆಗಿದೆಯೇ ಎಂದು ಮೊದಲು ನೋಡಬೇಕು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ, ನೋಂದಣಿಗೆ ಮುಂಚೆ 11-ಇ ಎಂಬ ನಕ್ಷೆಯನ್ನು ಮಾಡಿಸಬೇಕು. ಒಂದೇ ಪಹಣಿಯಲ್ಲಿ ಐದಾರು ಹೆಸರುಗಳಿದ್ದರೆ, ಪೋಡಿಯಾಗಿ ಪ್ರತಿಯೊಬ್ಬರ ಹಿಸ್ಸೆಯೂ ನೆಲದ ಮೇಲೆ ಗುರುತಾಗಿದೆಯೇ ಎಂದು ವಿಚಾರಿಸಬೇಕು. ಸರಹದ್ದು ಸಂಶಯವಾಗಿದ್ದರೆ ಹದ್ದುಬಸ್ತಿಗಾಗಿ ಅರ್ಜಿ ಹಾಕಿಸಬೇಕು. ಆಗ ಪಕ್ಕದ ಹಿಡುವಳಿದಾರರಿಗೆ ನೋಟೀಸು ಹೋಗಿ, ಎಲ್ಲರ ಇದಿರಿನಲ್ಲಿ ಅಳತೆಯು ನಡೆಯುವುದು. ಇನ್ನು ಖರಾಬಿನ ಮಾತು. ಅ ಖರಾಬೆಂದರೆ ಬೇಸಾಯಕ್ಕೆ ಬಾರದ ನೆಲ. ಬ ಖರಾಬೆಂದರೆ ದಾರಿ, ಹಳ್ಳ, ಕೆರೆ ಮುಂತಾಗಿ ಊರಿನವರೆಲ್ಲರಿಗಾಗಿ ಬಿಟ್ಟ ನೆಲ. ಬೇಲಿಯೊಳಗೆ ಸೇರಿಕೊಂಡ ಮಾತ್ರಕ್ಕೆ ಬ ಖರಾಬು ಮಾರುವವರದಾಗುವುದಿಲ್ಲ, ಕೊಳ್ಳುವವರದಂತೂ ಆಗುವುದೇ ಇಲ್ಲ.

ಅಳತೆಯ ಹಿರಿಮೆಗೆ ಬೀದರಿನ ನೆಲವೇ ಸಾಕ್ಷಿಯಾಗಿದೆ. ಭರತಖಂಡದ ಮಹಾ ತ್ರಿಕೋನಮಿತೀಯ ಮೋಜಣಿಯ ಕಾಲದಲ್ಲಿ, 1841ರಲ್ಲಿ, ಆಂಡ್ರೂ ವಾ ಎಂಬುವರು ಬೀದರಿನ ಬಳಿಯಲ್ಲಿ ಏಳೆಂಟು ಮೈಲಿ ಉದ್ದದ ಒಂದು ಆಧಾರರೇಖೆಯನ್ನು ಅಳೆದರು. ಹದಿನೈದು ವರ್ಷಗಳ ತರುವಾಯ, 1856ರಲ್ಲಿ, ಹಿಮಾಲಯದ ಹದಿನೈದನೆಯ ನಂಬರಿನ ಶಿಖರವು 29,002 ಅಡಿ ಎತ್ತರವೆಂದು ಜಗತ್ತಿಗೆ ತಿಳಿಸಿ, ಅದಕ್ಕೆ ಎವರೆಸ್ಟ್ ಎಂದು ಹೆಸರಿಟ್ಟವರು ಅವರೇ. ನೂರಾರು ಮೈಲಿಗಳ ತ್ರಿಕೋನಗಳನ್ನು ಎಳೆಯುವ ಮುಂಚೆ ಒಂದು ಸಣ್ಣ ಗೆರೆಯನ್ನು ಅಷ್ಟು ಶ್ರಮಪಟ್ಟು ಅಳೆದುದೇಕೆ? ಆ ಗೆರೆಯ ತಪ್ಪು ಮುಂದಿನ ಲೆಕ್ಕಗಳೆಲ್ಲಕ್ಕೂ ಹರಡುವುದೆಂಬುದಕ್ಕಾಗಿ. ಮನೆಯನ್ನು ಕೊಳ್ಳುವಾಗಲೂ ಹಾಗೆಯೇ. ಮೊದಲಿನ ಎರಡಡಿಯ ತಪ್ಪು ಮುಂದೆ ಗೋಡೆಗೆ, ಗೋಡೆಯಿಂದ ಸಾಲಕ್ಕೆ, ಸಾಲದಿಂದ ಕೋರ್ಟಿಗೆ, ಕೋರ್ಟಿನಿಂದ ಮಕ್ಕಳ ಕಾಲಕ್ಕೆ ಹರಡುತ್ತದೆ.

ಹಾಗೆಂದು ಸರಪಳಿಯೊಂದೇ ಸಾಕೆನ್ನುವ ಹಾಗಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸೀಮಾವಿವಾದವೆಂದೇ ಒಂದು ಪ್ರಕರಣವಿದೆ. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕುಳಿತು ಅದನ್ನೂ ವಿವರಿಸಿದನು. ಎಲ್ಲೆಯ ವಿಷಯದಲ್ಲಿ ಜಗಳ ಬಂದರೆ ನೆರೆಯವರನ್ನು, ವೃದ್ಧರನ್ನು, ದನಕಾಯುವವರನ್ನು, ಎಲ್ಲೆಯಂಚಿನಲ್ಲಿ ಉಳುವವರನ್ನು ಕೇಳಬೇಕೆಂದೂ, ಮರ, ಒಡ್ಡು, ಹುತ್ತ, ನೆಲದಲ್ಲಿ ಹೂತ ಇದ್ದಿಲು, ಹೊಟ್ಟು, ಎಲುಬು ಮುಂತಾದ ಗುರುತುಗಳನ್ನು ನೋಡಬೇಕೆಂದೂ ಅಲ್ಲಿ ಹೇಳಿದೆ. ಇದ್ದಿಲು ಬೇಗ ಕೊಳೆಯುವುದಿಲ್ಲವೆಂಬುದನ್ನು ಬಲ್ಲವರೇ ಈ ಮಾತನ್ನು ಹೇಳಿರಬೇಕು. ಇಂದಿನ ಯಂತ್ರಗಳು ಎಷ್ಟೇ ಸೂಕ್ಷ್ಮವಾಗಿರಲಿ, ಎಮ್ಮೆಗಳು ಯಾವ ದಾರಿಯಲ್ಲಿ ನೀರಿಗೆ ಹೋಗುತ್ತವೆ, ಹಿತ್ತಲಿನ ಮೂಲಕ ಪಕ್ಕದ ಮನೆಯವರು ಎಷ್ಟು ವರ್ಷಗಳಿಂದ ನಡೆದಾಡುತ್ತಿದ್ದಾರೆ ಎಂಬುದನ್ನು ಅವು ಹೇಳಲಾರವು. ಇಪ್ಪತ್ತು ವರ್ಷಕಾಲ ಅಡ್ಡಿಯಿಲ್ಲದೆ, ಹಕ್ಕೆಂದು ಬಹಿರಂಗವಾಗಿ ನಡೆದ ದಾರಿಯು ಕಾನೂನಿನ ದೃಷ್ಟಿಯಲ್ಲಿ ಹಕ್ಕಾಗಬಹುದು. ಹನ್ನೆರಡು ವರ್ಷ ಪರರ ಪ್ರತಿಕೂಲ ಸ್ವಾಧೀನದಲ್ಲಿದ್ದ ನೆಲವನ್ನು ಮರಳಿ ಪಡೆಯುವ ದಾವೆಯು ಅವಧಿಮೀರಬಹುದು. ಆದುದರಿಂದ ಮೋಜಣಿದಾರರು ಬರುವ ದಿನ ನೆರೆಹೊರೆಯ ಹಿರಿಯರನ್ನು ಕರೆದು ಕೂರಿಸಿ, ಅವರಿಂದ ಕೇಳಿ ತಿಳಿದುಕೊಳ್ಳುವುದು ಅಳತೆಯಷ್ಟೇ ಮುಖ್ಯವಾಗಿದೆ. ನಮ್ಮಲ್ಲಿಲ್ಲದ ನೆನಪನ್ನು ಎರವಲು ಪಡೆಯುವ ಬಗೆಯು ಇದೇ.

ಮೂರನೆಯ ಪ್ರಶ್ನೆಯು ಪ್ರಾಣದ ಪ್ರಶ್ನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಕಿಲ್ಲಾರಿಯು ಬಸವಕಲ್ಯಾಣದಿಂದ ನೇರವಾಗಿ ಅಳೆದರೆ 50 ಕಿಲೋಮೀಟರಿಗಿಂತ ಹೆಚ್ಚು ದೂರವಿಲ್ಲ. ಭೂಕಂಪದ ಭಯವು ತೀರ ಕಡಿಮೆಯೆಂದು ಆವರೆಗೆ ಗುರುತಿಸಿದ್ದ ನೆಲವದು. ಸುಮಾರು ಹತ್ತು ಸಾವಿರ ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರನ್ನು ಕೊಂದುದು ಅವರ ಮನೆಗಳೇ. ಒರಟು ಕಲ್ಲುಗಳನ್ನು ಕೆಸರುಮಣ್ಣಿನಲ್ಲಿ ಕೂಡಿಸಿ ಕಟ್ಟಿದ ದಪ್ಪ ಗೋಡೆಗಳು, ಅವುಗಳ ಮೇಲೆ ಮಣ್ಣಿನ ಭಾರವಾದ ಮಾಳಿಗೆ. ನಿದ್ದೆಯಲ್ಲಿದ್ದವರ ಮೇಲೆ ಇವು ಕುಸಿದುವು. ನಮ್ಮ ಗೃಹಸ್ಥರು ಮೆಚ್ಚಿದ ಮುಡಬಿಯ ಮನೆಯೂ ಇದೇ ಬಗೆಯದು.

ಈ ಗೋಡೆಯ ಗುಟ್ಟನ್ನು ತಿಳಿದುಕೊಳ್ಳಬೇಕು. ಹೊರಗಿನಿಂದ ಎರಡಡಿ, ಮೂರಡಿ ದಪ್ಪವಾಗಿ ಕಾಣುವ ಗೋಡೆಯು ಅನೇಕ ವೇಳೆ ಒಂದೇ ಗೋಡೆಯಾಗಿರುವುದಿಲ್ಲ. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡು ಪದರಗಳನ್ನೂ ಹಿಡಿದು ನಿಲ್ಲಿಸುವ ಅಡ್ಡಗಲ್ಲುಗಳು ಇಲ್ಲದಿದ್ದರೆ, ನೆಲವು ಅಲುಗಿದಾಗ ಅಥವಾ ಮಳೆಯ ನೀರು ಒಳಗೆ ಇಳಿದಾಗ ಪದರಗಳು ಒಂದರಿಂದೊಂದು ಬೇರ್ಪಟ್ಟು ಹೊಟ್ಟೆಬಿಡುತ್ತವೆ. ಇಂಥ ಕಟ್ಟಡಗಳಿಗಾಗಿ 1993ರಲ್ಲಿ ಗೊತ್ತುಮಾಡಿದ ಭಾರತೀಯ ಮಾನಕವು, ಎತ್ತರದಲ್ಲಿ ಸುಮಾರು ಎರಡಡಿಗೊಂದು ಸಾಲು, ಉದ್ದದಲ್ಲಿ ನಾಲ್ಕಡಿಗೊಂದರಂತೆ ಅಡ್ಡಗಲ್ಲುಗಳಿರಬೇಕೆನ್ನುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಅವು ಇವೆಯೇ ಇಲ್ಲವೇ ಎಂಬುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ತಟ್ಟಿ, ಅಲ್ಲಲ್ಲಿ ಬಿಚ್ಚಿ ನೋಡಬಲ್ಲ ಇಂಜಿನಿಯರಿಗೆ ತಿಳಿಯುತ್ತದೆ.

ಮಾಳಿಗೆಯ ಭಾರವನ್ನೂ ಲೆಕ್ಕ ಹಾಕಿ ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಅದರ ತೂಕವು ಸುಮಾರು 45 ಕ್ವಿಂಟಲು. ಮಾಳಿಗೆ ಸೋರಿದಾಗಲೆಲ್ಲ ಮೇಲೆ ಹೊಸ ಮಣ್ಣನ್ನು ಹಾಕುವುದು ರೂಢಿ. ಹೀಗೆ ಅಜ್ಜನ ಕಾಲದ ಒಂದಡಿಯು ಮೊಮ್ಮಗನ ಕಾಲಕ್ಕೆ ಎರಡಡಿಯಾಗುತ್ತದೆ. ತೊಲೆಗಳು ಮಾತ್ರ ಅವೇ ತೊಲೆಗಳು. ಆ ಭಾರವನ್ನು ಹೊತ್ತಿರುವುದು ಗೋಡೆಯೋ, ಒಳಗಿನ ಮರದ ಕಂಬಗಳೋ ಎಂಬುದನ್ನು ವಿಚಾರಿಸಬೇಕು. ಕಿಲ್ಲಾರಿಯ ಸೀಮೆಯಲ್ಲಿ, ಕಂಬಗಳ ಮೇಲೆ ನಿಂತ ಮಾಳಿಗೆಗಳು ಗೋಡೆಗಳು ಬಿದ್ದರೂ ಬೀಳದೆ ಉಳಿದ ಉದಾಹರಣೆಗಳುಂಟು. ಆದರೆ ಕಂಬದ ಬುಡಕ್ಕೂ ತೊಲೆಯ ತುದಿಗೂ ಗೆದ್ದಲು ಹತ್ತಿದ್ದರೆ ಆ ಭರವಸೆಯೂ ಇಲ್ಲ.

ನೆಲದ ಕೆಳಗೂ ನೋಡಬೇಕಾದುದುಂಟು. ಎರೆಯ ಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರುಕು ಬಿಡುವುದು. ಅದರ ಮೇಲೆ ಆಳವಿಲ್ಲದ ತಳಪಾಯವನ್ನು ಹಾಕಿದ್ದರೆ ಗೋಡೆಯೂ ಅದರೊಡನೆ ಬಿರಿಯುತ್ತದೆ. ಹಳೆಯ ಮನೆಗಳಲ್ಲಿ ಜೋಳವನ್ನು ತುಂಬಿಡುತ್ತಿದ್ದ ಹಗೇವುಗಳು ಇರುತ್ತಿದ್ದವು. ಬಳಕೆ ತಪ್ಪಿದ ಮೇಲೆ ಸಡಿಲವಾದ ಮಣ್ಣನ್ನು ತುಂಬಿ ಮೇಲೆ ಫರಸಿ ಹಾಸಿದ್ದರೆ, ಅಲ್ಲಿ ಮುಂದೆ ನೆಲವು ಕುಸಿಯಬಹುದು. ಹಗೇವು ಎಲ್ಲಿತ್ತೆಂದು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿದರೆ ತಕ್ಷಣ ಹೇಳುತ್ತಾರೆ. ಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು, ಬಚ್ಚಲಿನ ನೀರು ಎಲ್ಲಿಗೆ ಹರಿಯುವುದೆಂದು ನೋಡುವುದು, ವಿದ್ಯುತ್ತಿನ ತಂತಿಗಳನ್ನು ನೋಡಿಸುವುದು, ಇವೂ ಇಂಜಿನಿಯರ ಪಟ್ಟಿಯಲ್ಲಿರತಕ್ಕವು. ಸಾಧ್ಯವಾದರೆ ಮನೆಯನ್ನು ಒಮ್ಮೆ ಬೇಸಗೆಯಲ್ಲಿಯೂ ಒಮ್ಮೆ ಮಳೆಗಾಲದಲ್ಲಿಯೂ ನೋಡುವುದು ಒಳ್ಳೆಯದು. ಬೇಸಗೆಯಲ್ಲಿ ಯಾವ ಮಾಳಿಗೆಯೂ ಸೋರುವುದಿಲ್ಲ.

ದೋಷಗಳು ಕಂಡುಬಂದರೆ ಮನೆಯನ್ನು ಬಿಟ್ಟುಬಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಗೋಡೆಗೆ ಅಲ್ಲಲ್ಲಿ ರಂಧ್ರ ಮಾಡಿ, ಕಬ್ಬಿಣದ ಕಂಬಿಯನ್ನೂ ಕಾಂಕ್ರೀಟನ್ನೂ ತುಂಬಿ ಅಡ್ಡಗಲ್ಲಿನ ಕೆಲಸವನ್ನು ಈಗಲೂ ಮಾಡಿಸಬಹುದು. ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸಬಹುದು. ಅದಕ್ಕೆ ಎಷ್ಟು ಖರ್ಚಾಗುವುದೆಂದು ಇಂಜಿನಿಯರು ಬರೆದುಕೊಟ್ಟರೆ, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೊಡಿರೆಂದು ಮಾರುವವರನ್ನು ಕೇಳುವುದರಲ್ಲಿ ಅನ್ಯಾಯವಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದಂಥ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕೆಂದು ವಿಧಿಸುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಕಾಣುತ್ತಿದ್ದ ದೋಷಕ್ಕೆ ನೋಡದೆ ಹೋದವರೇ ಹೊಣೆ ಎಂಬುದು ಅದರಿಂದಲೇ ಹೊರಡುತ್ತದೆ.

ಪರೀಕ್ಷಕರು ಯಾರ ಕಡೆಯವರೆಂಬುದು ಬಹು ಮುಖ್ಯ. ಸಾಲ ಕೊಡುವ ಬ್ಯಾಂಕಿನವರು ಕಳುಹಿಸುವ ಮೌಲ್ಯಮಾಪಕರು ಬ್ಯಾಂಕಿನ ಹಣಕ್ಕೆ ಆ ಮನೆಯು ಸಾಕಷ್ಟು ಆಧಾರವೇ ಎಂದು ನೋಡುವರು. ನಮ್ಮ ಮಕ್ಕಳು ಆ ಮಾಳಿಗೆಯ ಕೆಳಗೆ ಮಲಗಬಹುದೇ ಎಂದು ನೋಡುವುದು ಅವರ ಕೆಲಸವಲ್ಲ. ದಲ್ಲಾಳಿಗೆ ಮಾರಾಟವಾದರೆ ಮಾತ್ರ ಸಂಭಾವನೆ. ಮಾರುವವರು ತೋರಿಸುವ ನಕ್ಷೆಯು ಮಾರುವವರ ನಕ್ಷೆ. ಮನೆಯು ಕೈಗೂಡದೆ ಹೋದರೂ ತಮ್ಮ ಫೀಸು ತಮಗೆ ಬರುವುದೆಂಬ ನಿಶ್ಚಿಂತೆಯುಳ್ಳ, ಕೊಳ್ಳುವವರೇ ಗೊತ್ತುಮಾಡಿ ಹಣಕೊಟ್ಟ ಪರೀಕ್ಷಕರು ಮಾತ್ರವೇ ಬೇಡ ಎಂಬ ಮಾತನ್ನು ಧೈರ್ಯವಾಗಿ ಹೇಳಬಲ್ಲರು. ಅವರಿಂದ ಬಾಯಿಮಾತನ್ನು ಪಡೆಯದೆ ಬರೆದ ವರದಿಯನ್ನೇ ಪಡೆಯಬೇಕು. ಇದೆಲ್ಲವೂ ನಡೆಯಬೇಕಾದುದು ಸಂಚಕಾರಕ್ಕೆ ಮುಂಚೆ. ಸಂಚಕಾರವನ್ನು ಕೊಡಲೇಬೇಕಾಗಿ ಬಂದರೆ, ಅಳತೆಯೂ ಪರೀಕ್ಷೆಯೂ ತೃಪ್ತಿಕರವಾಗದಿದ್ದಲ್ಲಿ ಹಣವನ್ನು ಹಿಂದಿರುಗಿಸತಕ್ಕದ್ದೆಂದು ಕರಾರಿನಲ್ಲಿ ಬರೆಯಿಸಬೇಕು.

ಅಳತೆ ಮಾಡಿಸಿದರೆ ಊರಿನವರು ಏನೆಂದುಕೊಂಡಾರು, ಅಪನಂಬಿಕೆಯೆಂದು ತಿಳಿಯಲಾರರೇ ಎಂಬ ಸಂಕೋಚವು ನಮ್ಮಲ್ಲಿ ಅನೇಕರಿಗಿದೆ. ಈ ಸಂಕೋಚವು ಸಜ್ಜನಿಕೆಯಿಂದ ಹುಟ್ಟಿದುದಾದರೂ ಸರಿಯಾದುದಲ್ಲ. ಅಳೆಯದೆ ಕೊಂಡು, ನಾಲ್ಕು ವರ್ಷಗಳ ಮೇಲೆ ಕಾಂಪೌಂಡು ಹಾಕಲು ಹೊರಟು, ಪಕ್ಕದ ಮನೆಯ ಮುದುಕಿಯು ನೀರಿಗೆ ಹೋಗುವ ದಾರಿಯನ್ನು ಮುಚ್ಚಿ, ಅವಳನ್ನು ಕೋರ್ಟಿನ ಮೆಟ್ಟಲಿಗೆ ಎಳೆಯುವುದರಲ್ಲಿ ಯಾವ ಸಜ್ಜನಿಕೆಯಿದೆ? ಪಟ್ಟಣದಿಂದ ಬಂದವರಿಗೆ ವಕೀಲರ ಖರ್ಚನ್ನು ತಡೆಯುವ ಶಕ್ತಿಯುಂಟು, ಅವಳಿಗೆ ಇಲ್ಲ. ಗಡಿಯು ಸ್ಪಷ್ಟವಾಗಿಲ್ಲದೆಡೆಯಲ್ಲಿ ನಷ್ಟವು ಬಹುಮಟ್ಟಿಗೆ ಬಡವರ ಪಾಲಿಗೇ ಹೋಗುತ್ತದೆ. ಎಲ್ಲರೂ ನೋಡುತ್ತಿರಲು ಸರಪಳಿಯನ್ನು ಎಳೆದು, ಇಲ್ಲಿಯವರೆಗೆ ನಮ್ಮದು, ಇಲ್ಲಿಂದಾಚೆಗೆ ನಿಮ್ಮದು, ಈ ದಾರಿಯು ಇಬ್ಬರದೂ ಎಂದು ಮೊದಲ ದಿನವೇ ಒಪ್ಪಿಕೊಂಡವರು ಆ ಊರಿನಲ್ಲಿ ನೆರೆಯವರಾಗಿ ಬಾಳುವ ಯೋಗ್ಯತೆಯನ್ನು ಪಡೆಯುವರು.

ನಮ್ಮ ಗೃಹಸ್ಥರು ಮುಡಬಿಯ ಮನೆಯನ್ನು ಕೊಳ್ಳಬೇಕೇ ಬೇಡವೇ ಎಂಬುದನ್ನು ನಾವು ಇಲ್ಲಿ ಕುಳಿತು ಹೇಳಲಾರೆವು. ವಕೀಲರು ವಂಶಾವಳಿಯನ್ನು ನೋಡಲಿ, ಮೋಜಣಿದಾರರು ನಾಲ್ಕು ಮೂಲೆಗಳಲ್ಲಿ ಕಲ್ಲು ನೆಡಲಿ, ಇಂಜಿನಿಯರು ಮಾಳಿಗೆಯನ್ನು ಹತ್ತಿ ಇಳಿಯಲಿ, ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ತಮಗೆ ತಿಳಿದುದನ್ನು ಹೇಳಲಿ. ಈ ನಾಲ್ಕು ಮಾತುಗಳೂ ಒಂದಕ್ಕೊಂದು ಹೊಂದಿಕೊಂಡರೆ ಸಂಚಕಾರ ಕೊಡಬಹುದು. ಹೊಂದದಿದ್ದರೆ, ಪರೀಕ್ಷೆಗೆ ಕೊಟ್ಟ ಹಣವು ವ್ಯರ್ಥವಾಯಿತೆಂದು ಅವರು ಮರುಗದಿರಲಿ. ಆ ಮನೆಯ ವಿಷಯದಲ್ಲಿ ಅವರು ಮಾಡಿದ ಖರ್ಚುಗಳಲ್ಲೆಲ್ಲ ಹೆಚ್ಚಿನ ಲಾಭವನ್ನು ತಂದುದು ಅದೇ.